ರೂಪಾಯಿಗೆ ನಾಲ್ಕಾಣೆ

4 ಜುಲೈ 1971, ಭಾನುವಾರ

ಇವರು ಹೋಟೆಲಿನಿಂದ ಹಳೆಯ ಬಿಲ್ ಪುಸ್ತಕಗಳ ಒಂದು ಕಟ್ಟು ತಂದಿದ್ದಾರೆ. ಹಿಂಬದಿ ಖಾಲಿ. ಮಗಳು ಮೋಹಿನಿ ಮಗ್ಗಿ ಬರೆಯಲಿ ಎಂದು ತಂದದ್ದು, ಅದರಲ್ಲಿ ನಾಲ್ಕನ್ನು ನಾನು ಎತ್ತಿಟ್ಟುಕೊಂಡೆ. ಮನೆಯೊಳಗೆ ನಮ್ಮ ಮಾತು ತುಳು, ನಳ್ಳಿಯ ಹತ್ತಿರ ಹಿಂದಿ. ಬರೆಯಲು ಬರುವುದು ಕನ್ನಡ ಒಂದೇ. ಕಾರ್ಕಳದಲ್ಲಿ ಎಂಟನೇ ಕ್ಲಾಸಿನವರೆಗೆ ಕಲಿತದ್ದು ಈ ಘಾಟ್ಕೋಪರಿನ ಚಾಳಿನಲ್ಲಿ ತುಕ್ಕು ಹಿಡಿಯುವುದು ಬೇಡ.

ಆದರೆ ಬರೆಯುವುದು ಏನನ್ನು? ತಲೆಯಲ್ಲಿ ಇರುವುದು ಒಂದೇ. ನಾಳೆ ಐದನೇ ತಾರೀಕು. ಬಸವಂತರಾಯರ ಬಡ್ಡಿ ಕೊಡಬೇಕು. ಎರಡು ಸಾವಿರಕ್ಕೆ ತಿಂಗಳಿಗೆ ಅರವತ್ತು ರೂಪಾಯಿ. ಸಾಲ ನಮ್ಮದಲ್ಲ. ಇವರ ಚಿಕ್ಕಮ್ಮನ ಮಗ ಅಂಗಾರ, ಸಾಂತಾಕ್ರೂಜಿನಲ್ಲಿ ರಾಯರ ಕಟ್ಟಡದ ಕೆಲಸ ನಡೆಯುವಲ್ಲಿ ಚಹಾದ ಅಂಗಡಿ ಹಾಕಲು ತೆಗೆದುಕೊಂಡದ್ದು. ಇವರು ಜಾಮೀನಿಗೆ ಸಹಿ ಹಾಕಿದರು. ಮುನಿಸಿಪಾಲಿಟಿಯವರು ಅಂಗಡಿ ಕಿತ್ತುಹಾಕಿದರು, ಅಂಗಾರ ಯಾವ ಊರಿಗೆ ಹೋದನೋ ಯಾರಿಗೂ ತಿಳಿಯದು. ಹದಿನಾಲ್ಕು ತಿಂಗಳಿಂದ ಬಡ್ಡಿ ಕಟ್ಟುತ್ತಿದ್ದೇವೆ. ಅಸಲು ಇದ್ದಲ್ಲೇ ಇದೆ.

ಇವರ ಸಂಬಳ ನೂರ ತೊಂಬತ್ತು. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ದಿನಕ್ಕೆ ಹತ್ತು ಗಂಟೆ ನಿಲ್ಲುತ್ತಾರೆ. ಈ ತಿಂಗಳು ರೇಷನ್ ತಂದ ಮೇಲೆ ನನ್ನ ಹತ್ತಿರ ಉಳಿದದ್ದು ನಲವತ್ತೊಂದು.

5 ಜುಲೈ

ಬರೆಯಲು ನಾಚಿಕೆಯಾಗುತ್ತದೆ. ರಾಯರ ವಸೂಲಿಯ ಗದಿಗೆಪ್ಪ ಬಂದಾಗ ನಾನು ಬಾಗಿಲ ಅಗುಳಿ ಹಾಕಿ ಒಳಗೆ ಉಸಿರು ಬಿಗಿಹಿಡಿದು ಕುಳಿತೆ. ಅವನು ಹೊರಗಿನಿಂದ, “ಅಕ್ಕಾರ, ಚೆನ್ನಯಾರ ಅದಾರೇನ್ರಿ?” ಎಂದು ಕೂಗಿದ. ಓಣಿಯಲ್ಲಿ ಆಡುತ್ತಿದ್ದ ಮೋಹಿನಿ ಗಟ್ಟಿಯಾಗಿ, “ಪಪ್ಪಾ ನಹೀ ಹೈ, ಮಮ್ಮಿ ಅಂದರ್ ಛುಪ್‌ಕೇ ಬೈಠೀ ಹೈ!” ಎಂದಳು.

ಅಮ್ಮ ಒಳಗೆ ಅಡಗಿ ಕುಳಿತಿದ್ದಾಳಂತೆ! ಚಾಳಿಗೆ ಚಾಳೇ ನಕ್ಕಿತು. ನಲವತ್ತು ಕೊಟ್ಟೆ. ಇಪ್ಪತ್ತು ಮುಂದಿನ ಭಾನುವಾರ.

ನಕ್ಕವರಲ್ಲಿ ಹಿಂದಿನ ಜೋಪಡಿಯ ಮಲ್ಲವ್ವನೂ ಇದ್ದಳು. ವಿಜಾಪುರದ ಕಡೆಯವಳು, ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಾಳೆ, ನಮ್ಮ ನಳ್ಳಿಗೆ ನೀರಿಗೆ ಬರುತ್ತಾಳೆ. ಕೊಡ ಇಳಿಸಿ ನನ್ನ ಹತ್ತಿರ ಬಂದು ಹೇಳಿದಳು: “ಸಾಲ ಕೇಳಾಕ ಬಂದ್ರ ಬಾಗ್ಲಾ ಹಾಕ್ಕೋತಾರೇನ ತಂಗಿ? ಬಾಗ್ಲಾ ತೆಗದು ನಡೂಮಧ್ಯ ನಿಂದರು. ಅಂವನ ಅರ್ಧಾ ಸಣ್ಣ ಆಗ್ತಾನ.”

ಹೇಳುವುದು ಸುಲಭ.

1 ಆಗಸ್ಟ್

ಎಂಥ ವಿಚಿತ್ರ! ಎದುರಿನ ಸೊಸೈಟಿ ಬಿಲ್ಡಿಂಗಿನ ಕಾಂತಾಬೆನ್ ಮೊನ್ನೆ ನಮ್ಮ ಮನೆಯ ದೋಸೆ ತಿಂದು ಹೋಗಿದ್ದರು. ಇವತ್ತು ಬೆಳಿಗ್ಗೆ ಒಂದು ಪಾತ್ರೆಯಲ್ಲಿ ಅಕ್ಕಿ, ಇನ್ನೊಂದರಲ್ಲಿ ಉದ್ದು ನೆನೆಹಾಕಿ ಹೊತ್ತುಕೊಂಡೇ ಬಂದರು. “ಸೇವಂತಿಬೆನ್, ಮೇರೇ ಘರ್ ಮೇ ಪಥ್ಥರ್ ನಹೀ. ಪೀಸ್ ಕೇ ದೋ ನಾ, ಪೈಸಾ ಲೇ ಲೋ.” ತಮ್ಮ ಮನೆಯಲ್ಲಿ ಅರೆಯುವ ಕಲ್ಲಿಲ್ಲ, ಅರೆದುಕೊಟ್ಟು ದುಡ್ಡು ತೆಗೆದುಕೋ ಎಂದು. ನಮ್ಮ ಕಡೆಯುವ ಕಲ್ಲು ಊರಿನಿಂದ ಹಡಗಿನಲ್ಲಿ ಬಂದದ್ದು, ಅತ್ತೆ ಕೊಟ್ಟದ್ದು. ಹಿಟ್ಟು ಬೆಣ್ಣೆಯ ಹಾಗೆ ಬಂತು. ಬೇಡ ಬೇಡವೆಂದರೂ ಎಂಟಾಣೆ ಕೈಗಿಟ್ಟರು.

ಎಂಟಾಣೆ! ನನ್ನ ಕೈಯಲ್ಲಿ, ನಾನು ದುಡಿದದ್ದು. ಮದುವೆಯಾಗಿ ಎಂಟು ವರ್ಷದಲ್ಲಿ ಇದು ಮೊದಲು.

4 ಆಗಸ್ಟ್

ಕಾಂತಾಬೆನ್ ಮೂರು ಮನೆಯವರಿಗೆ ಹೇಳಿದ್ದಾರೆ. ಇವತ್ತು ನಾಲ್ಕು ಪಾತ್ರೆ. ಅಕ್ಕಿ ಅವರದ್ದೇ, ಉದ್ದು ಅವರದ್ದೇ. ನನ್ನದು ಕಲ್ಲು ಮತ್ತು ರಟ್ಟೆ. ನಷ್ಟವಾಗಲು ಏನೂ ಇಲ್ಲ!

31 ಆಗಸ್ಟ್

ಐವತ್ತೆರಡು ರೂಪಾಯಿ! ಮೂರು ಸಲ ಎಣಿಸಿದೆ. ಚಾಪೆಯ ಮೇಲೆ ಎಂಟಾಣೆಗಳನ್ನು ಸಾಲಾಗಿ ಇಟ್ಟು ಮೋಹಿನಿಯ ಕೈಯಲ್ಲಿ ಎಣಿಸಿಸಿದೆ. ಅವಳ ಮಗ್ಗಿಯೂ ಆಯಿತು. ಇವರಿಗೆ ನಂಬಿಕೆ ಬರಲಿಲ್ಲ. “ಎಂಥ ಮಾರಾಯ್ತಿ, ಬ್ಯಾಂಕ್ ಲೂಟಿ ಮಾಡಿದೆಯಾ?” ಎಂದರು.

ಇಡೀ ಐವತ್ತೆರಡನ್ನೂ ರಾಯರಿಗೆ ಒಗೆದುಬಿಡುವುದೆಂದು ನಾನು ಹಾರಾಡುತ್ತಿದ್ದೆ. ನಳ್ಳಿಯ ಹತ್ತಿರ ಮಲ್ಲವ್ವನಿಗೆ ಹೇಳಿದರೆ ಅವಳು ತಲೆಯಲ್ಲಾಡಿಸಿದಳು.

“ಎಲ್ಲಾ ಕೊಡಬ್ಯಾಡ. ರೂಪಾಯಿಗೆ ನಾಕಾಣೆ ತಗದಿಡು.”

“ಸಾಲ ಇರುವಾಗ ಇಡುವುದು ಹೇಗೆ ಮಲ್ಲಕ್ಕ?”

“ಸಾಲ ಇದ್ದಾಗನ ಇಡಬೇಕು, ಹುಚ್ಚಿ. ಸಾಲ ಇದ್ದವರ ಮನಿಗೆ ಜ್ವರ ಬರೂದಿಲ್ಲೇನ? ಗಂಡನ ಕೆಲಸ ಹೋಗೂದಿಲ್ಲೇನ? ಆಗ ಎಲ್ಲಿ ಹೋಗ್ತಿ? ಮತ್ತ ಅಂವನ ಕಡೆ. ಒಂದ ತೂತು ಮುಚ್ಚಾಕ ಹೋಗಿ ಇನ್ನೊಂದು ತೂತು.”

ತಾನು ಜೋಳದ ಗಡಿಗೆಯೊಳಗೆ ಹೂತಿಡುತ್ತಾಳಂತೆ. ಊರಿನ ಮನೆಗೆ ಚಾವಣಿ ಹಾಕಿಸಬೇಕಂತೆ.

2 ಸೆಪ್ಟೆಂಬರ್

ಗಡಿಗೆಯಲ್ಲಿಟ್ಟರೆ ನಾನೇ ತೆಗೆಯುತ್ತೇನೆ ಎಂದು ನನಗೆ ಗೊತ್ತು. ಅತ್ತೆಗೆ ಮನಿಆರ್ಡರ್ ಮಾಡುವ ಪೋಸ್ಟ್ ಆಫೀಸಿನಲ್ಲೇ ಕೇಳಿದೆ. ಹದಿಮೂರು ರೂಪಾಯಿಗೂ ಖಾತೆ ಕೊಡುತ್ತಾರೆ! ಅರ್ಜಿ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ. ಗುಮಾಸ್ತರು ತೋರಿಸಿದ ಜಾಗದಲ್ಲಿ ಕನ್ನಡದಲ್ಲಿ ‘ಸೇವಂತಿ’ ಎಂದು ಬರೆದೆ. ಹೆದರಿದ್ದೆ, ಅವರು ಏನೂ ಅನ್ನಲಿಲ್ಲ. ಪಾಸ್‌ಬುಕ್ಕಿನಲ್ಲಿ ನನ್ನ ಹೆಸರು, ಠಸ್ಸೆ ಒತ್ತಿದ ಗುಂಡಗಿನ ಮುದ್ರೆ. ದಾರಿಯುದ್ದಕ್ಕೂ ಸೆರಗಿನೊಳಗೆ ಮುಟ್ಟಿ ಮುಟ್ಟಿ ನೋಡಿಕೊಂಡು ಬಂದೆ.

ಇವರಿಗೆ ಹೇಳಿಲ್ಲ. ಹೇಳುತ್ತೇನೆ. ನಿಧಾನಕ್ಕೆ.

16 ಅಕ್ಟೋಬರ್

ಗಲಾಟೆ. ದೀಪಾವಳಿಯ ಬೋನಸ್ ನೂರು ರೂಪಾಯಿ ತಂದು ಇಡಲು ಪೆಟ್ಟಿಗೆ ತೆರೆದಾಗ ಪಾಸ್‌ಬುಕ್ ಇವರ ಕೈಗೆ ಸಿಕ್ಕಿತು. ಐವತ್ತೆರಡು ರೂಪಾಯಿ ಜಮಾ.

“ಇದೆಂಥ ಸೇವಂತಿ? ನನ್ನಿಂದ ಅಡಗಿಸಿ ಇಡುದಾ?”

“ಅಡಗಿಸಿದ್ದಲ್ಲ ಮಾರಾಯ್ರೇ. ಕಷ್ಟಕಾಲಕ್ಕೆ ಅಂತ.”

“ಈಗ ಇರುದು ಸುಖಕಾಲವಾ? ಪೋಸ್ಟಿನವ ವರ್ಷಕ್ಕೆ ನೂರಕ್ಕೆ ಮೂರೋ ನಾಲ್ಕೋ ಕೊಡ್ತಾನೆ. ರಾಯರು ಮೂವತ್ತಾರು ತೆಗೀತಾರೆ. ಮೂವತ್ತಾರು ಕೊಡುವವ ನಾಲ್ಕಕ್ಕೆ ಹಣ ಮಲಗಿಸಿದರೆ ಅವನನ್ನು ಏನೂಂತ ಕರೀಬೇಕು?”

ಲೆಕ್ಕ ಸರಿಯೇ. ಅನ್ನ ಬಡಿಸಿದೆ. ಇವರು ಊಟ ಮಾಡದೆ ಹೋದರು.

18 ಅಕ್ಟೋಬರ್, ದೀಪಾವಳಿ

ಮೊನ್ನೆಯೇ ಹೋಗಿ ಐವತ್ತು ತೆಗೆದುಕೊಟ್ಟೆ. ಎರಡು ರೂಪಾಯಿ ಮಾತ್ರ ಖಾತೆ ಸಾಯದಿರಲೆಂದು ಬಿಟ್ಟಿದ್ದೇನೆ. ಬೋನಸ್ಸಿನ ನೂರು, ನಾನು ಕಡೆದದ್ದರಲ್ಲಿ ಮಿಕ್ಕ ನೂರೈವತ್ತು, ಈ ಐವತ್ತು. ಮುನ್ನೂರು! ಇವರೇ ಸಾಂತಾಕ್ರೂಜಿಗೆ ಹೋಗಿ ಕಟ್ಟಿ ಬಂದರು. ಎರಡು ಸಾವಿರ ಈಗ ಸಾವಿರದ ಏಳ್ನೂರು.

ಬರುವಾಗ ಜಿಲೇಬಿ ತಂದರು. ಮೋಹಿನಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿಯಲ್ಲಿ ಕುಣಿದರು. ಮದುವೆಯಾದ ವರ್ಷ ಇದ್ದ ಮುಖ ಮತ್ತೆ ಕಂಡೆ. ಜಗಳವೆಲ್ಲ ಎಲ್ಲಿ ಹೋಯಿತೋ. ನಾನೂ ಸುಮ್ಮನೆ ಹೆದರುತ್ತಿದ್ದೆ ಎನಿಸಿತು. ಎಲ್ಲವೂ ಸರಿಯಾಗುತ್ತಿದೆ.

11 ಡಿಸೆಂಬರ್

ಯುದ್ಧ ಶುರುವಾಗಿ ಎಂಟು ದಿನ. ಕತ್ತಲಾದರೆ ದೀಪವಿಲ್ಲ, ಕಿಟಕಿಗೆ ಕಪ್ಪು ಕಾಗದ. ಸಂಜೆ ಹೋಟೆಲಿಗೆ ಯಾರು ಬರುತ್ತಾರೆ? ಮಾಲೀಕರು ಸಂಜೆಯ ಪಾಳಿ ನಿಲ್ಲಿಸಿದ್ದಾರೆ. ಈ ತಿಂಗಳು ಅರ್ಧ ಸಂಬಳ.

ಸೊಸೈಟಿಯವರು ಹೆಂಗಸರನ್ನೂ ಮಕ್ಕಳನ್ನೂ ನಾಸಿಕದ ನೆಂಟರ ಮನೆಗೆ ಕಳಿಸಿದ್ದಾರೆ. ಇವತ್ತು ಬಂದದ್ದು ಒಂದೇ ಪಾತ್ರೆ.

ಎರಡೂ ಕೈ ಒಟ್ಟಿಗೇ ಬಿದ್ದುಹೋಗುತ್ತವೆಂದು ಯಾರು ಎಣಿಸಿದ್ದರು?

20 ಡಿಸೆಂಬರ್

ಯುದ್ಧ ಮುಗಿಯಿತು, ಓಣಿಯಲ್ಲಿ ಪಟಾಕಿ ಹೊಡೆದರು. ನಮ್ಮ ಮನೆಯಲ್ಲಿ ಮೂರು ದಿನಕ್ಕಾಗುವಷ್ಟು ಅಕ್ಕಿ. ಬಾಡಿಗೆ ಬಾಕಿ. ಮೋಹಿನಿಗೆ ಕೆಮ್ಮು.

ಇವರು ರಾಯರ ಹತ್ತಿರ ಹೋಗಿ ಸಾಲದ ಮೇಲೆ ಸಾಲ ಕೇಳಿದರು. ರಾಯರು ಐವತ್ತು ಕೊಟ್ಟು ಅರವತ್ತೆಂದು ಬರೆದುಕೊಂಡರಂತೆ.

ಐವತ್ತು. ದೀಪಾವಳಿಗೆ ಪೋಸ್ಟಿನಿಂದ ತೆಗೆದು ಒಯ್ದುಕೊಟ್ಟದ್ದೂ ಅದೇ ಐವತ್ತು.

ಇವರು ಬಸ್ಸಿನ ದುಡ್ಡು ಉಳಿಸಲು ಸಾಂತಾಕ್ರೂಜಿನಿಂದ ಇಲ್ಲಿಯವರೆಗೆ ನಡೆದೇ ಬಂದಿದ್ದರು. ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು, ಕೈಯಲ್ಲಿ ಹಿಡಿದಿದ್ದರು. ಅನ್ನಬೇಕೆಂದು ಹತ್ತು ಮಾತು ಹೊಂದಿಸಿಟ್ಟುಕೊಂಡಿದ್ದೆ, ಕಾಲು ನೋಡಿ ನುಂಗಿಕೊಂಡೆ. ಬಿಸಿನೀರು ಕೊಟ್ಟೆ. ಕಾಲು ತೊಳೆಯುತ್ತಾ ಅವರೇ ಹೇಳಿದರು: “ಆ ಪುಸ್ತಕ ಎಲ್ಲುಂಟು? ಎರಡು ರೂಪಾಯಿ ಇಟ್ಟಿದ್ದೆಯಲ್ಲ? ಒಳ್ಳೇದಾಯಿತು. ಇನ್ನು ನಾನು ಕೇಳಿದರೂ ಕೊಡಬೇಡ.”

1 ಜನವರಿ 1972

ಹೊಸ ಬಿಲ್ ಪುಸ್ತಕ, ಹೊಸ ವರ್ಷ, ಹೊಸ ನಿಯಮ! ಕಡೆದ ಪ್ರತಿ ರೂಪಾಯಿಯಲ್ಲಿ ನಾಲ್ಕಾಣೆ ಪೋಸ್ಟಿಗೆ, ಹನ್ನೆರಡಾಣೆ ಅಸಲಿಗೆ. ಹೋಟೆಲಿನಲ್ಲಿ ಪೂರ್ತಿ ಕೆಲಸ ಮತ್ತೆ ಶುರು. ನಾಸಿಕಕ್ಕೆ ಹೋದವರು ಬಂದಿದ್ದಾರೆ, ಬಂದವರಿಗೆ ದೋಸೆಯ ಬರ. ಇವತ್ತು ಒಂಬತ್ತು ಪಾತ್ರೆ!

ಸಾಲ ಸಾವಿರದ ಏಳ್ನೂರ ಅರವತ್ತು. ಇರಲಿ. ಹೆದರಿಕೆಯಾಗುವುದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆಯ ಜೊತೆ ಇನ್ನೇನೋ ಇದೆ, ಪರೀಕ್ಷೆಗೆ ಓದಿಕೊಂಡು ಹೋದ ದಿನದ ಹಾಗೆ.

5 ಮಾರ್ಚ್

ಗದಿಗೆಪ್ಪ ಬಂದ. ಚಹಾ ಮಾಡಿಕೊಟ್ಟೆ. ಬಡ್ಡಿಗೊಂದು, ಅಸಲಿಗೊಂದು ರಸೀದಿ ಬೇಕೆಂದೆ. ಅವನ ಹತ್ತಿರ ಕಾಗದವಿರಲಿಲ್ಲ, ನನ್ನ ಬಿಲ್ ಪುಸ್ತಕದ್ದೇ ಹಾಳೆ ಹರಿದುಕೊಟ್ಟೆ.

30 ಜೂನ್

ಸಾಲ ಸಾವಿರದ ಮುನ್ನೂರ ನಲವತ್ತು. ಪೋಸ್ಟಿನಲ್ಲಿ ನೂರ ನಲವತ್ತೆರಡು. ಎರಡು ಸಂಖ್ಯೆಗಳನ್ನೂ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಒಂದು ಇಳಿಯುತ್ತದೆ, ಒಂದು ಏರುತ್ತದೆ. ಮೋಹಿನಿ ಪ್ರತಿ ತಿಂಗಳು ತಾನೇ ಒರೆಸಿ ಬರೆಯಬೇಕೆಂದು ಹಟ ಹಿಡಿಯುತ್ತಾಳೆ.

12 ಜುಲೈ

ಇವರ ಬಲಗೈ ಸುಟ್ಟಿದೆ. ವಡೆಯ ಬಾಣಲೆ ಮಗುಚಿ ಎಣ್ಣೆ ಮೊಣಕೈಯಿಂದ ಬೆರಳಿನವರೆಗೆ. ಹೋಟೆಲಿನವರು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಒಂದೂವರೆ ತಿಂಗಳು ಕೈ ನೀರಿಗೂ ಬೆಂಕಿಗೂ ತಾಗಿಸಬಾರದಂತೆ.

ಬರೆಯಲಾಗುತ್ತಿಲ್ಲ.

15 ಜುಲೈ

ಮಾಲೀಕರು ಒಂದು ವಾರದ ಸಂಬಳ ಕೊಟ್ಟರು, ಹೆಚ್ಚು ಆಗುವುದಿಲ್ಲ ಎಂದರು. ಜಾಗ ಮಾತ್ರ ಕಾಯ್ದಿಡುತ್ತಾರಂತೆ.

ನಾನು ಮಳೆಯಲ್ಲೇ ಪೋಸ್ಟ್ ಆಫೀಸಿಗೆ ಹೋಗಿ ಅರವತ್ತು ರೂಪಾಯಿ ತೆಗೆದೆ. ಗುಮಾಸ್ತರು ನೋಟು ಎಣಿಸಿ ತಳ್ಳಿದರು. ಯಾರನ್ನೂ ಕೇಳಲಿಲ್ಲ. ಯಾರ ಮುಂದೆಯೂ ನಿಲ್ಲಲಿಲ್ಲ. ಯಾರೂ ಅರವತ್ತು ಕೊಟ್ಟು ಎಪ್ಪತ್ತೆಂದು ಬರೆದುಕೊಳ್ಳಲಿಲ್ಲ! ಬಾಡಿಗೆ ಕೊಟ್ಟೆ, ರೇಷನ್ ತಂದೆ, ಮುಲಾಮು ತಂದೆ. ಗಂಡ ಕೈ ಸುಟ್ಟುಕೊಂಡು ಮಲಗಿರುವಾಗ ಇಂಥ ಸಂತೋಷ ಪಡಬಾರದು. ಆದರೂ ಆಯಿತು. ಕೊಡೆ ಇದ್ದೂ ಬಿಚ್ಚದೆ ಮನೆಗೆ ಬಂದೆ.

ಇವರು ಪಾಸ್‌ಬುಕ್ಕನ್ನು ಎಡಗೈಯಲ್ಲಿ ಹಿಡಿದು ಪುಟ ತಿರುವಿದರು. “ಮೂವತ್ತಾರೂ ನಾಲ್ಕೂ ಅಂತ ಲೆಕ್ಕ ಹೇಳಿದ್ದೆ ನಾನು,” ಎಂದರು. ಅಷ್ಟೇ.

28 ಜುಲೈ

ನಗು ತಡೆಯಲಾಗುತ್ತಿಲ್ಲ. ಮನೆಯಲ್ಲಿ ಕುಳಿತು ಕುಳಿತು ಇವರಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಇವತ್ತು ಎಡಗೈಯಲ್ಲಿ ಹಿಟ್ಟಿನ ಡಬ್ಬಿ ನೇತುಹಾಕಿಕೊಂಡು, ಬ್ಯಾಂಡೇಜಿನ ಕೈ ಎದೆಗೊತ್ತಿಕೊಂಡು, ಕಾಂತಾಬೆನ್ ಕಲಿಸಿದ ಗುಜರಾತಿಯಲ್ಲಿ “ಖೀರು ಆವ್ಯೂ! ಖೀರು ಆವ್ಯೂ!” ಎಂದು ಸೊಸೈಟಿಯ ನಾಲ್ಕು ಮಹಡಿ ಹತ್ತಿಳಿದರು. ಹಿಟ್ಟು ಬಂತು, ಹಿಟ್ಟು ಬಂತು! ಬಾಗಿಲು ತೆರೆದವರಿಗೆಲ್ಲ ಕಾವಲಿ ಎಷ್ಟು ಕಾಯಬೇಕು, ನೀರು ಚಿಮುಕಿಸಿ ನೋಡುವುದು ಹೇಗೆ ಎಂದು ಪಾಠ. ಗ್ರಾಂಟ್ ರೋಡಿನ ದೋಸೆಯವನೇ ಮನೆಗೆ ಬಂದು ಹೇಳಿಕೊಟ್ಟರೆ ಯಾರು ಬಿಡುತ್ತಾರೆ? ಐದು ಹೊಸ ಮನೆ ಸಿಕ್ಕಿದವು!

ಕಲ್ಲಿನ ಗುಂಡು ತಿರುಗಿಸಲು ಕುಳಿತರೆ ಎಡಗೈಯಲ್ಲೂ ನನಗಿಂತ ವೇಗ. ಹೊಟ್ಟೆಕಿಚ್ಚಾಯಿತು.

3 ಸೆಪ್ಟೆಂಬರ್

ಇವರು ಕೆಲಸಕ್ಕೆ ಹೋದರು. ಚರ್ಮ ಇನ್ನೂ ಗುಲಾಬಿ ಬಣ್ಣ. ಪೋಸ್ಟಿನಲ್ಲಿ ಇಪ್ಪತ್ತೆರಡು ಉಳಿದಿದೆ. ಹೊಸ ಸಾಲ ಒಂದು ಪೈಸೆಯೂ ಆಗಿಲ್ಲ. ಅಸಲು ಇಳಿಯಲಿಲ್ಲ, ಏರಲೂ ಇಲ್ಲ. ದಿನಕ್ಕೆ ಹನ್ನೊಂದು ಪಾತ್ರೆ.

ಬಾಗಿಲ ಹಿಂದಿನ ಸಂಖ್ಯೆ ನೋಡಿ ಮೋಹಿನಿ ಅತ್ತಳು. ಏರುವ ಸಂಖ್ಯೆ ಇಳಿದುಬಿಟ್ಟಿತಲ್ಲ ಎಂದು. ಇಳಿಯಲಿಕ್ಕೇ ಏರಿಸಿದ್ದು ಮಗಳೇ ಎಂದೆ.

19 ನವೆಂಬರ್

ಈ ವರ್ಷ ಊರುಗಳ ಕಡೆ ಮಳೆಯಾಗಲಿಲ್ಲ, ಅಕ್ಕಿ ಸಿಗುತ್ತಿಲ್ಲ. ರೇಷನ್ ಅಂಗಡಿಯಲ್ಲಿ ಜೋಳ, ಮೈಲೋ ಎಂಬ ಪರದೇಶದ ಕೆಂಪು ಜೋಳ. ಹದಿಮೂರು ಪಾತ್ರೆಯಿಂದ ಆರಕ್ಕೆ ಬಂತು. ಎರಡು ದಿನ ಮಂಕಾಗಿ ಕುಳಿತೆ. ಮೂರನೇ ದಿನ ಕಾಂತಾಬೆನ್ ಹತ್ತಿರ ಕೇಳಿದೆ, ನಿಮ್ಮ ಢೋಕಳಕ್ಕೆ ಏನು ಅರೆಯುತ್ತೀರಿ? ಕಡಲೆಬೇಳೆ! ಹೆಸರುಬೇಳೆಯ ದೋಸೆಯೂ ಅವರಲ್ಲಿ ಉಂಟಂತೆ! ನನ್ನ ಕಲ್ಲಿಗೆ ಅಕ್ಕಿಯಾದರೇನು, ಬೇಳೆಯಾದರೇನು? ಇವತ್ತು ಹನ್ನೆರಡು ಪಾತ್ರೆ, ಎಂಟು ಬೇಳೆಯವೇ. ಕಡಲೆಬೇಳೆ ರಟ್ಟೆ ಮುರಿಯುತ್ತದೆ. ಅದಕ್ಕೆ ಹತ್ತು ಪೈಸೆ ಹೆಚ್ಚು.

8 ಫೆಬ್ರವರಿ 1973

ಮಲ್ಲವ್ವನ ಜೋಪಡಿಯಲ್ಲಿ ಕಳ್ಳತನವಾಗಿದೆ. ಅವಳು ಕೆಲಸಕ್ಕೆ ಹೋದಾಗ ಯಾರೋ ತಗಡು ಎತ್ತಿ ಒಳಗೆ ಇಳಿದಿದ್ದಾರೆ. ಜೋಳದ ಗಡಿಗೆ ಒಡೆದಿದೆ. ಮುನ್ನೂರ ನಲವತ್ತು ರೂಪಾಯಿ, ಆರು ವರ್ಷದ್ದು.

ನೆಲದ ಮೇಲೆ ಚೆಲ್ಲಿದ ಜೋಳವನ್ನು ಒಂದೊಂದಾಗಿ ಆಯುತ್ತಾ ಕುಳಿತಿದ್ದಳು. ನಾನೂ ಕುಳಿತು ಆಯ್ದೆ. ಆಯುತ್ತಲೇ ಅಂದಳು, “ಊರ ಮಂದಿಗೆ ಬುದ್ಧಿ ಹೇಳಿದೆ ತಂಗಿ. ಬುದ್ಧಿ ನನ್ನ ಕಡೆನ ಇರಲಿಲ್ಲ.”

ಸಿಮೆಂಟ್ ಇಲ್ಲವೆಂದು ಅವಳ ಕಟ್ಟಡದ ಕೆಲಸವೂ ಒಂದು ತಿಂಗಳು ಬಂದ್. ರಾಯರ ಹತ್ತಿರ ತೆಗೆದುಕೊಳ್ಳುತ್ತೇನೆ ಎಂದಳು.

9 ಫೆಬ್ರವರಿ

ಪೋಸ್ಟಿನಲ್ಲಿ ಇನ್ನೂರ ಇಪ್ಪತ್ತೆರಡು. ಅದು ನಮ್ಮ ಕಷ್ಟಕ್ಕೆ ಇಟ್ಟದ್ದು. ನಾಳೆ ಇವರ ಕೆಲಸ ಹೋದರೆ? ಮೋಹಿನಿಗೆ ಏನಾದರೂ ಆದರೆ? ಬೆಳಗಿನಿಂದ ಪಾಸ್‌ಬುಕ್ ತೆಗೆದೆ, ಇಟ್ಟೆ, ತೆಗೆದೆ, ಇಟ್ಟೆ. ಎಷ್ಟು ಜಿಪುಣಿಯಾಗಿದ್ದೇನೆ ನಾನು!

ಇವರಿಗೆ ಹೇಳಿದೆ. ತಟ್ಟೆಯಿಂದ ತಲೆಯೆತ್ತದೆ ಅಂದರು: “ಅವಳ ಮಾತಿನಿಂದಲ್ಲವಾ ಆ ಪುಸ್ತಕ ಆದದ್ದು? ಎಂಬತ್ತು ಕೊಡು. ನೂರ ನಲವತ್ತು ನಮಗೆ ಉಳೀತದೆ, ಎರಡು ತಿಂಗಳು ದೂಡಬಹುದು. ನೀನೇ ಹೇಳುದಲ್ಲ ಎರಡು ತಿಂಗಳ ಖರ್ಚು ಕೈಯಲ್ಲಿರಬೇಕು ಅಂತ?”

ಮಲ್ಲವ್ವ ಸುಮ್ಮನೆ ತೆಗೆದುಕೊಳ್ಳಲಿಲ್ಲ. ಬಡ್ಡಿ ಎಷ್ಟು ಎಂದು ಕೇಳಿದಳು. ಬಡ್ಡಿ ಇಲ್ಲ, ಕೆಲಸ ಶುರುವಾದ ಮೇಲೆ ವಾರಕ್ಕೆ ಐದು ರೂಪಾಯಿ ಎಂದೆ. ಆಮೇಲೆ, “ಐದರ ಜೊತೆ ಇನ್ನೊಂದು ರೂಪಾಯಿ ತರಬೇಕು, ಅದು ನಿನ್ನ ಹೆಸರಿಗೆ ಪೋಸ್ಟಿಗೆ” ಎಂದೆ.

“ನಮ್ಮಂಥಾ ಹೆಬ್ಬಟ್ಟಿನವರ ರೊಕ್ಕಾ ಸರಕಾರ ತಗೋತೈತೇನ?”

“ತೆಗೆದುಕೊಳ್ಳದೆ ಏನು ಮಾಡುತ್ತದೆ ಮಲ್ಲಕ್ಕ? ನಾನು ಬರುತ್ತೇನೆ.”

10 ಜೂನ್, ಭಾನುವಾರ

ಬಸವಂತರಾಯರು ಗದಿಗೆಪ್ಪನ ಹತ್ತಿರ ಇಬ್ಬರೂ ಬನ್ನಿ ಎಂದು ಹೇಳಿ ಕಳಿಸಿದ್ದರು. ಮೂರು ವರ್ಷದಲ್ಲಿ ಅವರ ಮುಖ ನಾನು ನೋಡಿದ್ದೇ ಇವತ್ತು. ರಾಕ್ಷಸನ ಹಾಗೆ ಇರಬಹುದೆಂದು ಎಣಿಸಿದ್ದೆ. ಬಿಳಿ ಟೊಪ್ಪಿಗೆಯ ಸಣ್ಣ ಮುದುಕ, ಹಲ್ಲುನೋವಿಗೆ ಲವಂಗ ಜಗಿಯುತ್ತಿದ್ದರು.

“ಬರ್ರಿ ಬರ್ರಿ. ನಿಮ್ಮಂಗ ತಪ್ಪದಂಗ ಕಟ್ಟಿದವರು ಭಾಳ ಕಡಿಮಿ. ಅದಕ ಕರದೆ. ಇನ್ನ ಎಷ್ಟ ದಿನ ಕಲ್ಲ ತಿರುವುತೀರಿ? ಕರೆಂಟಿನ ಅರೆಯೂ ಯಂತ್ರ ಬಂದಾವ. ಮೂರು ಸಾವಿರ ನಾ ಕೊಡ್ತೀನಿ. ನಿಮಗಂತ ತಿಂಗಳಿಗೆ ನೂರಕ್ಕ ಎರಡು.”

ಕರೆಂಟಿನ ಯಂತ್ರ! ದಿನಕ್ಕೆ ಐವತ್ತು ಪಾತ್ರೆ! ನನಗೆ ಕುಳಿತಲ್ಲೇ ಸದ್ದು ಕೇಳಿಸಿತು. ಇವರ ಕಣ್ಣು ಬೆಳಗಿತು, ನನ್ನ ಕಡೆ ತಿರುಗಿದರು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

ನಾನು ಕೇಳಿದೆ: “ರಾಯರೇ, ಯಂತ್ರ ಒಂದು ತಿಂಗಳು ಕೆಟ್ಟು ಕುಳಿತರೆ ಆ ತಿಂಗಳ ಬಡ್ಡಿ ಇಲ್ಲವೆಂದು ಬರೆದುಕೊಡುತ್ತೀರಾ?”

ಅವರು ನಕ್ಕರು. “ಬಡ್ಡಿಗೇನ ಗೊತ್ತವ್ವಾ ಯಂತ್ರ ಕೆಟ್ಟದ್ದು?”

“ಹಾಗಾದರೆ ಈಗ ಬೇಡ. ಯಂತ್ರಕ್ಕೆ ಪೋಸ್ಟಿನಲ್ಲಿ ಬೇರೆ ಪುಸ್ತಕ ಮಾಡುತ್ತೇವೆ. ಅದು ತುಂಬಿದ ದಿನ ತರುತ್ತೇವೆ.”

ಆಮೇಲೆ ಬಿಲ್ ಪುಸ್ತಕ ಬಿಚ್ಚಿ, ಯುದ್ಧದ ಡಿಸೆಂಬರಿನಲ್ಲಿ ಐವತ್ತು ಕೊಟ್ಟು ಅರವತ್ತು ಬರೆದದ್ದನ್ನು ತೋರಿಸಿದೆ. ಆ ಹತ್ತು ರೂಪಾಯಿಗೆ ಹದಿನೇಳು ತಿಂಗಳ ಬಡ್ಡಿ ಕಟ್ಟಿಯಾಗಿದೆ, ಇನ್ನು ಅಸಲನ್ನಾದರೂ ಬಿಡಿ ಎಂದೆ. ಗದಿಗೆಪ್ಪ ಗೋಡೆ ನೋಡಿದ. ರಾಯರು ಲವಂಗ ಜಗಿಯುವುದು ನಿಲ್ಲಿಸಿದರು, ನನ್ನ ಪುಸ್ತಕ ಈಸಿಕೊಂಡು ಮುಂದಿನದು ಹಿಂದಿನದು ತಿರುವಿದರು. ಕೊನೆಗೆ ತಮ್ಮ ವಹಿ ತೆಗೆದು ಹತ್ತು ಹೊಡೆದುಹಾಕಿದರು! ಇನ್ನೂರ ಎಪ್ಪತ್ತಿದ್ದದ್ದು ಇನ್ನೂರ ಅರವತ್ತಾಯಿತು. ನೂರು ಅಲ್ಲೇ ಕಟ್ಟಿದೆವು.

ಬಸ್ಸಿನಲ್ಲಿ ಇವರು ಕೇಳಿದರು, “ನಿನಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಮಾರಾಯ್ತಿ?” ಏನು ಧೈರ್ಯ? ಬರೆದದ್ದನ್ನು ಓದಿ ಹೇಳಿದೆ, ಅಷ್ಟೇ. ಯಂತ್ರದ್ದು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಅದರ ಬೆಲೆ ಎಷ್ಟೆಂದು ನಿಜವಾಗಿ ವಿಚಾರಿಸಬೇಕು. ರಾಯರು ಹೇಳಿದಷ್ಟು ಇರಲಾರದು.

11 ಆಗಸ್ಟ್ 1973, ಶನಿವಾರ

ಎಂಥ ದಿನ! ಎಲ್ಲಿಂದ ಬರೆಯಲಿ?

ಕೂಡಿಟ್ಟ ವಾರದ ರೂಪಾಯಿಗಳನ್ನು ಕಟ್ಟಲು ಮಲ್ಲವ್ವ ಒಬ್ಬಳನ್ನೇ ಪೋಸ್ಟಿಗೆ ಕರೆದೊಯ್ಯುವುದೆಂದು ಹೊರಟರೆ, ಜೋಪಡಿಗಳ ತುದಿಯಲ್ಲಿ ಏಳು ಜನ ನಿಂತಿದ್ದಾರೆ! ಎಲ್ಲರೂ ಅವಳ ಜೊತೆ ಇಟ್ಟಿಗೆ ಹೊರುವವರು. ಹಾಲವ್ವ ಸೀರೆ ಬದಲಿಸಿ, ಕುಂಕುಮ ಹಚ್ಚಿಕೊಂಡು, ಗುಡಿಗೆ ಹೊರಟವಳ ಹಾಗೆ. ಹನುಮವ್ವನ ಎರಡು ರೂಪಾಯಿ ಪೂರ್ತಿ ಚಿಲ್ಲರೆ, ಸೆರಗಿನ ಗಂಟು ಬಿಚ್ಚಲು ಹಲ್ಲೇ ಬೇಕಾಯಿತು. ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು.

ಗುಮಾಸ್ತರು ನೋಡಿ, “ಬಾಈ, ಇತಕ್ಯಾ ಜಣೀ?” ಎಂದು ತಲೆ ಹಿಡಿದುಕೊಂಡರು. ಇಷ್ಟು ಜನವಾ ಎಂದು. ಸೋಮವಾರ ಬನ್ನಿ ಎಂದರು. ಸೋಮವಾರ ಬಂದರೆ ಈ ಹೆಂಗಸರ ಇನ್ನೊಂದು ದಿನದ ಕೂಲಿ ಯಾರು ಕೊಡುತ್ತಾರೆ ಎಂದು ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಹಿಂದಿನ ಸಾಲು ಗೊಣಗಿತು. ಗೊಣಗಲಿ! ಕೊನೆಗೆ ಅರ್ಜಿಗಳನ್ನು ಕೊಟ್ಟರು. ನೆಲದ ಮೇಲೆ ಕುಳಿತು ಎಂಟನ್ನೂ ನಾನೇ ಕನ್ನಡದಲ್ಲಿ ತುಂಬಿದೆ, ಗುಮಾಸ್ತರು ಕೇಳಿ ಕೇಳಿ ಮೇಲೆ ಮರಾಠಿಯಲ್ಲಿ ಬರೆದುಕೊಂಡರು. ಹೆಬ್ಬೆಟ್ಟಿಗೆ ಸಾಕ್ಷಿ ಬೇಕೆಂದರು. ಎಂಟು ಕಡೆ ‘ಸೇವಂತಿ, ಸೇವಂತಿ’ ಎಂದು ಬರೆದು ಬೆರಳು ನೋಯುತ್ತಿದೆ. ಕಡಲೆಬೇಳೆ ಅರೆದರೂ ಇಷ್ಟು ನೋಯುವುದಿಲ್ಲ. ಶಾಯಿಯ ಪ್ಯಾಡ್ ಒಣಗಿ ಮೂವರ ಹೆಬ್ಬೆಟ್ಟು ಮೂಡಲೇ ಇಲ್ಲ, ಮತ್ತೆ ಒತ್ತಿಸಬೇಕಾಯಿತು.

ಪಾಸ್‌ಬುಕ್ ಕೈಗೆ ಬಂದಾಗ ಮಲ್ಲವ್ವ ಅದನ್ನು ಮೂಸಿ ನೋಡಿದಳು! “ಇದರಾಗ ನನ್ನ ಹೆಸರು ಎಲ್ಲೈತಿ ತಂಗಿ?” ಬೆರಳಿಟ್ಟು ತೋರಿಸಿದೆ. “ಇಷ್ಟ ಸಣ್ಣದ?” ಎಂದಳು. ಎಲ್ಲರೂ ನಕ್ಕೆವು, ಗುಮಾಸ್ತರೂ ನಕ್ಕರು. ಬರುವಾಗ ಮಳೆ. ಎಂಟು ಜನರೂ ಪುಸ್ತಕವನ್ನು ರವಿಕೆಯೊಳಗೆ ಇಟ್ಟುಕೊಂಡು ತಾವು ತೊಯ್ದರು. ಸೋಮವಾರ ಇನ್ನೂ ನಾಲ್ವರು ಬರುತ್ತಾರಂತೆ. ಪ್ಯಾಡಿಗೆ ಶಾಯಿ ನಾನೇ ಕೊಂಡು ಹೋಗಬೇಕು. ಕಾಂತಾಬೆನ್ ಅವರ ಮಗನ ಹತ್ತಿರ ಇದೆಯೇ ಕೇಳಬೇಕು. ಹಾಲವ್ವನ ವಯಸ್ಸು ನಲವತ್ತೆಂದು ಬರೆದಿದ್ದೇನೆ, ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಮಧ್ಯಾಹ್ನದ ಒಂಬತ್ತು ಪಾತ್ರೆ ಹಾಗೇ ಉಳಿದಿವೆ. ಏಳಬೇಕು.

ಅಯ್ಯೋ, ಬರೆಯಲು ಮರೆತೇ ಹೋಗಿತ್ತು. ಬೆಳಿಗ್ಗೆ ಗದಿಗೆಪ್ಪ ಬಂದಿದ್ದ. ಕೊನೆಯ ಅರವತ್ತೊಂದು ರೂಪಾಯಿ ಎಂಬತ್ತು ಪೈಸೆ ಕೊಟ್ಟು ಸಾಲದ ಪತ್ರ ವಾಪಸು ಪಡೆದೆ. ಅಕ್ಕಿ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಇವರು ಬಂದ ಮೇಲೆ ಹೇಳಬೇಕು.